ಹಾಡಿ ಕಟ್ಟಿದ ವಿದ್ಯಾಸಂಸ್ಥೆ: ಫಿಸ್ಕ್ ವಿಶ್ವವಿದ್ಯಾಲಯದ ಜೂಬಿಲಿ ಗಾಯಕರು

ಕ್ರೈಸ್ತ ಮಿಷನ್ನುಗಳು ಸ್ಥಾಪಿಸಿದ ಕಾಲೇಜುಗಳ ಇತಿಹಾಸ ಬರೆಯುವವರು ಸ್ಥಾಪಕರು, ಪ್ರಾಂಶುಪಾಲರು, ದಾನಿಗಳು ಮತ್ತು ಕಟ್ಟಡಗಳ ವಿವರ ಮುಗಿದ ಮೇಲೆ, ಕ್ರೀಡೆ ಮತ್ತು ಚರ್ಚಾಕೂಟಗಳ ಸಾಲಿನಲ್ಲಿ, ವಿದ್ಯಾರ್ಥಿಗಳ ಗಾಯನವೃಂದಕ್ಕೂ ವಾದ್ಯಮೇಳಕ್ಕೂ ಒಂದೆರಡು ಪುಟ ಮೀಸಲಿಡುವುದು ರೂಢಿಯಾಗಿದೆ. ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿರುವ ಫಿಸ್ಕ್ ವಿಶ್ವವಿದ್ಯಾಲಯದ ಇತಿಹಾಸವನ್ನು ಈ ಕ್ರಮದಲ್ಲಿ ಬರೆಯಲು ಸಾಧ್ಯವಿಲ್ಲ. ಆ ಸಂಸ್ಥೆ ಇಂದು ನಿಂತಿರುವ ನೆಲ, ಅದರ ಮೊದಲ ಶಾಶ್ವತ ಕಟ್ಟಡ, ಮುಚ್ಚಿಹೋಗುವ ಹಂತದಲ್ಲಿ ಅದನ್ನು ಉಳಿಸಿದ ಹಣ, ದೇಶವಿದೇಶಗಳಲ್ಲಿ ಅದಕ್ಕೆ ದೊರೆತ ಹೆಸರು, ಇವೆಲ್ಲವೂ ಒಂಬತ್ತು ಮಂದಿ ವಿದ್ಯಾರ್ಥಿಗಳ ಗಾಯನವೃಂದವೊಂದರಿಂದ ಬಂದವು. ಆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಗುಲಾಮಗಿರಿಯಲ್ಲಿ ಹುಟ್ಟಿದವರಾಗಿದ್ದರು. ಆದುದರಿಂದ ಫಿಸ್ಕ್‌ನಲ್ಲಿ ಗಾಯನವೃಂದದ ಚರಿತ್ರೆಯು ಸಂಸ್ಥೆಯ ಚರಿತ್ರೆಯ ಒಂದು ಅಂಗವಾಗಿರದೆ ಅದರ ತಳಪಾಯವೇ ಆಗಿದೆ.

ಫಿಸ್ಕ್‌ನ ಹುಟ್ಟಿಗೆ ಕಾರಣವಾದುದು ಅಮೆರಿಕನ್ ಮಿಷನರಿ ಅಸೋಸಿಯೇಶನ್ ಎಂಬ ಸಂಘ. ಗುಲಾಮಗಿರಿಯನ್ನು ಕ್ರೈಸ್ತಧರ್ಮಕ್ಕೆ ವಿರುದ್ಧವಾದ ಪಾಪವೆಂದು ಸಾರಿದ ಪ್ರೊಟೆಸ್ಟಂಟ್ ಕ್ರೈಸ್ತರು 1846ರಲ್ಲಿ ಸ್ಥಾಪಿಸಿದ್ದ ಈ ಸಂಘವು, 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿಯೂ ಅದರ ಬೆನ್ನಿಗೂ, ಬಿಡುಗಡೆ ಹೊಂದಿದ ಜನರಿಗಾಗಿ ದಕ್ಷಿಣದ ರಾಜ್ಯಗಳಲ್ಲಿ ಶಾಲೆಗಳನ್ನು ತೆರೆಯುವ ಕೆಲಸಕ್ಕೆ ಕೈಹಾಕಿತು. ಗುಲಾಮರಿಗೆ ಓದು ಬರಹ ಕಲಿಸುವುದನ್ನು ದಕ್ಷಿಣದ ಹಲವು ರಾಜ್ಯಗಳು ಕಾನೂನಿನಿಂದಲೇ ನಿಷೇಧಿಸಿದ್ದ ಹಿನ್ನೆಲೆಯಲ್ಲಿ, ಅಕ್ಷರಕ್ಕಾಗಿ ಆ ಜನರಲ್ಲಿದ್ದ ಹಸಿವು ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು. ಜಾನ್ ಆಗ್ಡನ್, ಇರಾಸ್ಟಸ್ ಕ್ರವತ್ ಮತ್ತು ಎಡ್ವರ್ಡ್ ಸ್ಮಿತ್ ಎಂಬ ಮೂವರ ಪ್ರಯತ್ನದಿಂದ 1866ರ ಜನವರಿ 9ರಂದು ಸೇನೆ ಬಿಟ್ಟುಹೋಗಿದ್ದ ಆಸ್ಪತ್ರೆಯ ಮರದ ಕೊಟ್ಟಿಗೆಗಳಲ್ಲಿ ಶಾಲೆ ಆರಂಭವಾದಾಗ, ಏಳು ವರ್ಷದ ಮಕ್ಕಳಿಂದ ಎಪ್ಪತ್ತರ ವೃದ್ಧರವರೆಗೆ ಎಲ್ಲ ವಯಸ್ಸಿನವರೂ ಬಂದು ಸೇರಿದರು. ಬಿಡುಗಡೆಯಾದವರ ಪುನರ್ವಸತಿಗಾಗಿ ಕೇಂದ್ರ ಸರ್ಕಾರ ಸ್ಥಾಪಿಸಿದ್ದ ಇಲಾಖೆಯ ಅಧಿಕಾರಿಯಾಗಿ ಆ ಪ್ರದೇಶವನ್ನು ನೋಡಿಕೊಳ್ಳುತ್ತಿದ್ದ, ಈ ಕಟ್ಟಡಗಳನ್ನು ದೊರಕಿಸಿಕೊಟ್ಟ ಜನರಲ್ ಕ್ಲಿಂಟನ್ ಫಿಸ್ಕ್ ಅವರ ಹೆಸರನ್ನು ಶಾಲೆಗೆ ಇಡಲಾಯಿತು. 1867ರ ಆಗಸ್ಟ್ 22ರಂದು ಸಂಸ್ಥೆಯು ವಿಶ್ವವಿದ್ಯಾಲಯವೆಂದು ನೋಂದಣಿಯಾಯಿತು. ಹೆಸರು ದೊಡ್ಡದಾಯಿತಾದರೂ ಕಟ್ಟಡಗಳು ಅವೇ ಆಗಿದ್ದವು. ನಾಲ್ಕೈದು ವರ್ಷಗಳಲ್ಲಿ ಅವು ಶಿಥಿಲವಾಗಿ, ಸಾಲ ಬೆಳೆದು, ಸಂಸ್ಥೆಯನ್ನು ಮುಚ್ಚುವ ಮಾತು ಕೇಳಿಬರತೊಡಗಿತು.

ಈ ಹಂತದಲ್ಲಿ ಸಂಸ್ಥೆಯ ಖಜಾಂಚಿಯಾಗಿದ್ದವರು ಜಾರ್ಜ್ ಲಿಯೊನಾರ್ಡ್ ವೈಟ್. ನ್ಯೂಯಾರ್ಕ್ ರಾಜ್ಯದ ಕಮ್ಮಾರನೊಬ್ಬನ ಮಗನಾದ ಅವರು ಅಂತರ್ಯುದ್ಧದಲ್ಲಿ ಉತ್ತರದ ಸೇನೆಯಲ್ಲಿ ಹೋರಾಡಿದ್ದರು. ಸಂಗೀತದಲ್ಲಿ ಉನ್ನತ ಶಿಕ್ಷಣ ಪಡೆದವರಲ್ಲದಿದ್ದರೂ, ಧ್ವನಿಗಳನ್ನು ಬೆಸೆಯುವುದರಲ್ಲಿ ಅವರಿಗಿದ್ದ ಕಿವಿ ಅಸಾಧಾರಣವಾದುದು. ಲೆಕ್ಕಪತ್ರಗಳ ಕೆಲಸದ ನಡುವೆ ಅವರು ಆಯ್ದ ವಿದ್ಯಾರ್ಥಿಗಳಿಗೆ ಗಾಯನ ಕಲಿಸತೊಡಗಿದರು. ಆರಂಭದಲ್ಲಿ ಕಲಿಸಿದ್ದು ಅಂದಿನ ಬಿಳಿಯರ ಸಮಾಜ ಗೌರವಿಸುತ್ತಿದ್ದ ಸಂಗೀತವನ್ನೇ: ಚರ್ಚಿನ ಸ್ತೋತ್ರಗೀತೆಗಳು, ಜನಪ್ರಿಯ ಭಾವಗೀತೆಗಳು ಮತ್ತು ಕ್ಯಾಂಟಾಟ, ಅಂದರೆ ಒಂದು ಕಥಾವಸ್ತುವನ್ನು ಏಕಗಾಯನ ಹಾಗೂ ವೃಂದಗಾಯನಗಳ ಮೂಲಕ ನಿರೂಪಿಸುವ ಸಂಗೀತಪ್ರಬಂಧ. ಬೈಬಲಿನ ಎಸ್ತೇರ್ ರಾಣಿಯ ಕಥೆಯನ್ನು ಆಧರಿಸಿ ವಿಲಿಯಂ ಬ್ರಾಡ್‌ಬರಿ ರಚಿಸಿದ್ದ ಕ್ಯಾಂಟಾಟವನ್ನು ಈ ವಿದ್ಯಾರ್ಥಿಗಳು ನ್ಯಾಶ್‌ವಿಲ್‌ನಲ್ಲಿ ಪ್ರದರ್ಶಿಸಿದಾಗ ಮ್ಯಾಗಿ ಪೋರ್ಟರ್ ಎಂಬ ವಿದ್ಯಾರ್ಥಿನಿ ರಾಣಿಯ ಪಾತ್ರವನ್ನು ಹಾಡಿದರು.

ವೈಟ್ ಅವರಿಗೆ ನೆರವಾಗಿ ನಿಂತ ಎಲ್ಲಾ ಶೆಪರ್ಡ್ ಅವರ ಪಾತ್ರವನ್ನು ಇತಿಹಾಸಕಾರರು ತಕ್ಕಷ್ಟು ಎತ್ತಿ ಹಿಡಿದದ್ದು ಬಹಳ ತಡವಾಗಿ. 1851ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಅವರನ್ನು ಅವರ ತಂದೆ ಹಣ ಕೊಟ್ಟು ಬಿಡಿಸಿಕೊಂಡಿದ್ದರು. ಸಿನ್ಸಿನಾಟಿಯಲ್ಲಿ ಪಿಯಾನೊ ಪಾಠಕ್ಕೆ ಹೋಗುವಾಗ, ಕಪ್ಪು ಜನಾಂಗದ ಹುಡುಗಿಗೆ ಕಲಿಸುವ ಸಂಗತಿ ಹೊರಗೆ ತಿಳಿಯಬಾರದೆಂಬ ಶಿಕ್ಷಕರ ನಿಬಂಧನೆಯಂತೆ, ಅವರು ರಾತ್ರಿ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಬೇಕಾಗಿತ್ತು. 1868ರಲ್ಲಿ ಫಿಸ್ಕ್ ಸೇರಿ, ಅಲ್ಲಿಯೇ ಸಂಗೀತದ ಸಹಾಯಕ ಶಿಕ್ಷಕಿಯಾದ ಶೆಪರ್ಡ್, ಗಾಯನವೃಂದದ ಪಿಯಾನೊ ವಾದಕಿಯಾಗಿ, ಅಭ್ಯಾಸದ ಮೇಲ್ವಿಚಾರಕಿಯಾಗಿ, ಹಾಡುಗಳನ್ನು ಸಂಗ್ರಹಿಸಿ ಹೊಂದಿಸುವವರಾಗಿ ದುಡಿದರು. ವೃಂದದ ನಿರ್ದೇಶಕರೆಂದು ವೈಟ್ ಅವರ ಹೆಸರು ಮುದ್ರಣವಾಗುತ್ತಿದ್ದರೂ ದಿನದಿನದ ಅಭ್ಯಾಸದ ಭಾರ ಬಹುಮಟ್ಟಿಗೆ ಶೆಪರ್ಡ್ ಅವರ ಹೆಗಲ ಮೇಲಿತ್ತೆಂಬುದನ್ನು ಗಮನಿಸಿದರೆ, ಅವರನ್ನು ಈ ವೃಂದದ ಸಹಸ್ಥಾಪಕಿ ಎಂದು ಕರೆಯುವುದೇ ನ್ಯಾಯ.

ಮುಂದೆ ಜಗತ್ತಿನಾದ್ಯಂತ ಹೆಸರಾದ ಹಾಡುಗಳು ಈ ವೃಂದದ ಆರಂಭದ ಕಾರ್ಯಕ್ರಮಗಳಲ್ಲಿ ಬಹುಪಾಲು ಇರಲೇ ಇಲ್ಲ. ಅವು ‘ಸ್ಪಿರಿಚುವಲ್’ ಎಂದು ಕರೆಯಲಾಗುವ ಹಾಡುಗಳು. ಗುಲಾಮಗಿರಿಯ ಕಾಲದಲ್ಲಿ ಹೊಲಗಳಲ್ಲಿಯೂ ಗುಟ್ಟಾದ ಪ್ರಾರ್ಥನಾಕೂಟಗಳಲ್ಲಿಯೂ ಹುಟ್ಟಿ, ಬಾಯಿಂದ ಬಾಯಿಗೆ ಬಂದವು. ಮೋಶೆ, ದಾನಿಯೇಲ, ಯೊರ್ದನ್ ನದಿ ಮೊದಲಾದ ಬೈಬಲಿನ ವ್ಯಕ್ತಿಗಳನ್ನೂ ಸ್ಥಳಗಳನ್ನೂ ಹೆಸರಿಸುತ್ತಲೇ ಬಿಡುಗಡೆಯ ಆಸೆಯನ್ನು ಅವು ನುಡಿಯುತ್ತಿದ್ದವು. ಈ ಹಾಡುಗಳನ್ನು ಹೊರಗಿನವರ ಮುಂದೆ ಹಾಡಲು ವಿದ್ಯಾರ್ಥಿಗಳಿಗೆ ಮನಸ್ಸಿರಲಿಲ್ಲ. ಅವು ತಮ್ಮ ತಂದೆತಾಯಿಗಳ ಪೂಜೆಗೆ ಸೇರಿದ ಪವಿತ್ರ ವಸ್ತುಗಳೆಂಬುದು ಒಂದು ಕಾರಣವಾದರೆ, ಮರೆಯಬೇಕೆಂದಿದ್ದ ಗುಲಾಮಗಿರಿಯ ನೆನಪನ್ನು ಅವು ಕೆದಕುತ್ತಿದ್ದುದು ಇನ್ನೊಂದು ಕಾರಣ. ಮೂರನೆಯದೂ ಇತ್ತು: ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ‘ಮಿನ್‌ಸ್ಟ್ರೆಲ್’ ಎಂಬ ಪ್ರದರ್ಶನಗಳು ಆಗ ಅಮೆರಿಕದಲ್ಲಿ ಎಲ್ಲೆಡೆ ನಡೆಯುತ್ತಿದ್ದವು, ಮತ್ತು ವೇದಿಕೆಯ ಮೇಲೆ ಕಪ್ಪು ಜನರ ಹಾಡೆಂದರೆ ಪ್ರೇಕ್ಷಕರು ನಿರೀಕ್ಷಿಸುತ್ತಿದ್ದುದು ಅದನ್ನೇ. ಶೆಪರ್ಡ್ ಬರೆದಿಟ್ಟಿರುವ ನೆನಪುಗಳ ಪ್ರಕಾರ, ವಿದ್ಯಾರ್ಥಿಗಳು ವೈಟ್ ಅವರ ಮನೆಯಲ್ಲಿ ನೆಲದ ಮೇಲೆ ಕುಳಿತು, ತಗ್ಗಿದ ದನಿಯಲ್ಲಿ, ಒಬ್ಬರಿಂದೊಬ್ಬರು ಈ ಹಾಡುಗಳನ್ನು ಕಲಿತರು. ಹೀಗೆ ಖಾಸಗಿಯಾಗಿ ಕೂಡಿಟ್ಟ ಹಾಡುಗಳು ಸಾರ್ವಜನಿಕ ವೇದಿಕೆಗೆ ಬಂದದ್ದು ಕ್ರಮಕ್ರಮವಾಗಿ, ಪ್ರವಾಸದ ಅಗತ್ಯಗಳಿಂದ.

ಹಾಡುಗಳ ಸಂಗೀತರಚನೆಯ ಬಗ್ಗೆ ಇಲ್ಲಿಯೇ ಒಂದಿಷ್ಟು ಹೇಳುವುದು ಅವಶ್ಯ. ಒಬ್ಬರು ಒಂದು ಸಾಲನ್ನು ಎತ್ತಿಕೊಂಡರೆ ಉಳಿದವರು ಒಟ್ಟಾಗಿ ಉತ್ತರಿಸುವುದು ಇವುಗಳ ಮುಖ್ಯ ವಿನ್ಯಾಸ. ನಮ್ಮ ಭಜನೆಗಳಲ್ಲಿ ಹೇಳಿಕೊಡುವವರೂ ಹಿಮ್ಮೇಳದವರೂ ಹಂಚಿಕೊಳ್ಳುವಂತೆಯೇ ಇದು ನಡೆಯುತ್ತದೆ. ಈ ವೃಂದದ ಹಾಡುಗಳಿಗೆ ಸ್ವರಲಿಪಿ ಹಾಕಿದ ಥಿಯೊಡೋರ್ ಸೀವರ್ಡ್, 1872ರಲ್ಲಿ ‘ಜೂಬಿಲಿ ಸಾಂಗ್ಸ್’ ಎಂಬ ಸಂಗ್ರಹವನ್ನು ಪ್ರಕಟಿಸುವಾಗ, ಅದರಲ್ಲಿನ ಅರ್ಧಕ್ಕಿಂತ ಹೆಚ್ಚು ಹಾಡುಗಳ ಧಾಟಿಯು ಸಪ್ತಸ್ವರಗಳಲ್ಲಿ ನಾಲ್ಕನೆಯದನ್ನೂ ಏಳನೆಯದನ್ನೂ ಬಿಟ್ಟ ಐದು ಸ್ವರಗಳ ಶ್ರೇಣಿಯಲ್ಲಿದೆಯೆಂದು ಗುರುತಿಸಿದರು. ಮಧ್ಯಮ ಮತ್ತು ನಿಷಾದಗಳಿಲ್ಲದ ಈ ಶ್ರೇಣಿಯು ಕರ್ನಾಟಕ ಸಂಗೀತದಲ್ಲಿ ಮೋಹನ, ಹಿಂದೂಸ್ತಾನಿಯಲ್ಲಿ ಭೂಪಾಲಿ ರಾಗಗಳ ಸ್ವರಗಳೇ ಆಗಿರುವುದರಿಂದ, ಕನ್ನಡದ ಕೇಳುಗರ ಕಿವಿಗೆ ಈ ಹಾಡುಗಳು ಮೊದಲ ಬಾರಿಗೇ ಅಪರಿಚಿತವೆನಿಸುವುದಿಲ್ಲ. ವೈಟ್ ಮತ್ತು ಶೆಪರ್ಡ್ ಈ ಧಾಟಿಗಳನ್ನು ಯುರೋಪಿನ ವೃಂದಗಾಯನದ ಕ್ರಮಕ್ಕೆ ಹೊಂದಿಸಿದರು: ಹೆಂಗಸರ ಮೇಲಿನ ಧ್ವನಿಯಾದ ಸೊಪ್ರಾನೊ, ಕೆಳಗಿನ ಧ್ವನಿಯಾದ ಆಲ್ಟೊ, ಗಂಡಸರ ಮೇಲಿನ ಧ್ವನಿಯಾದ ಟೆನರ್, ಮಂದ್ರವಾದ ಬಾಸ್ ಎಂಬ ನಾಲ್ಕು ಪದರಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ಹಿಡಿದು ಒಂದೇ ನಾದವಾಗಿ ಕೂಡುವ ಕ್ರಮವದು. ಯಾವೊಂದು ಧ್ವನಿಯೂ ಎದ್ದು ಕಾಣದಂತೆ, ಅತಿ ಮೆಲುದನಿಯಲ್ಲಿಯೂ ಪ್ರತಿ ಅಕ್ಷರ ಕೇಳುವಂತೆ ಹಾಡುವುದನ್ನು ವೈಟ್ ಕಟ್ಟುನಿಟ್ಟಾಗಿ ಅಭ್ಯಾಸ ಮಾಡಿಸಿದರು. ಈ ಸಂಸ್ಕಾರದಲ್ಲಿ ಮೂಲದ ಹಾಡಿಕೆಯ ಒರಟುತನ, ಮೈಯಾಡಿಸುತ್ತ ಕೈತಟ್ಟುತ್ತ ಹಾಡುವ ಸ್ವಾತಂತ್ರ್ಯ, ಸ್ವರಲಿಪಿಗೆ ಸಿಗದ ಜಾರುಗಳು ಎಷ್ಟೋ ಕಳೆದುಹೋದವು ಎಂಬ ಟೀಕೆಯಲ್ಲಿ ಸತ್ಯವಿದೆ. ಆದರೆ ಆ ಹೊತ್ತಿನಲ್ಲಿ ಹಾಗೆ ಸಂಸ್ಕರಿಸದೆ ಹೋಗಿದ್ದರೆ ಆ ಹಾಡುಗಳಿಗೆ ಗೌರವದ ವೇದಿಕೆ ದೊರೆಯುತ್ತಿರಲಿಲ್ಲ, ಮತ್ತು ಅವುಗಳಲ್ಲಿ ಅನೇಕವು ಹಾಡಿದವರೊಂದಿಗೇ ಮಣ್ಣಾಗುತ್ತಿದ್ದವು.

ಸಂಸ್ಥೆಗಾಗಿ ಹಣ ಕೂಡಿಸಲು ವಿದ್ಯಾರ್ಥಿಗಳನ್ನು ಉತ್ತರದ ರಾಜ್ಯಗಳಿಗೆ ಕರೆದೊಯ್ಯುವ ವೈಟ್ ಅವರ ಯೋಜನೆಗೆ ಮಿಷನರಿ ಸಂಘದ ಹಿರಿಯರು ಒಪ್ಪಲಿಲ್ಲ. ಆದರೂ 1871ರ ಅಕ್ಟೋಬರ್ 6ರಂದು ಎಲ್ಲಾ ಶೆಪರ್ಡ್, ಮ್ಯಾಗಿ ಪೋರ್ಟರ್, ಜೆನ್ನಿ ಜ್ಯಾಕ್‌ಸನ್, ಮಿನ್ನಿ ಟೇಟ್, ಎಲೈಜಾ ವಾಕರ್, ಥಾಮಸ್ ರಟ್ಲಿಂಗ್, ಬೆಂಜಮಿನ್ ಹೋಮ್ಸ್, ಗ್ರೀನ್ ಇವಾನ್ಸ್ ಮತ್ತು ಐಸಾಕ್ ಡಿಕರ್‌ಸನ್ ಎಂಬ ಒಂಬತ್ತು ಮಂದಿಯ ತಂಡ ನ್ಯಾಶ್‌ವಿಲ್‌ನಿಂದ ಹೊರಟಿತು. ಮೊದಲ ವಾರಗಳು ಕಷ್ಟದವು. ಹೋಟೆಲುಗಳು ಕೋಣೆ ಕೊಡಲು ನಿರಾಕರಿಸಿದವು. ಕೇಳಲು ಬಂದವರು ಮಿನ್‌ಸ್ಟ್ರೆಲ್ ಪ್ರದರ್ಶನವೆಂದು ತಪ್ಪು ತಿಳಿದರು. ವಸೂಲಾದ ಹಣ ದಾರಿಖರ್ಚಿಗೇ ಸಾಲುತ್ತಿರಲಿಲ್ಲ. ಅದೇ ದಿನಗಳಲ್ಲಿ ಶಿಕಾಗೊ ನಗರ ಭಾರಿ ಬೆಂಕಿಗೆ ಆಹುತಿಯಾದ ಸುದ್ದಿ ಬಂದಾಗ, ಒಹಾಯೊ ರಾಜ್ಯದಲ್ಲಿ ನೀಡಿದ ಒಂದು ಕಛೇರಿಯಿಂದ ಬಂದ ಸುಮಾರು 50 ಡಾಲರುಗಳನ್ನು, ತಾವೇ ಸಾಲದಲ್ಲಿದ್ದರೂ, ಈ ವಿದ್ಯಾರ್ಥಿಗಳು ಸಂತ್ರಸ್ತರ ನಿಧಿಗೆ ಕೊಟ್ಟುಬಿಟ್ಟರು. ಈ ನಡತೆಯನ್ನು ಸಂಸ್ಥೆಯ ನೈತಿಕ ಚರಿತ್ರೆಯ ಮೊದಲ ಪುಟವೆಂದು ಪರಿಗಣಿಸಬೇಕು.

ತಂಡಕ್ಕೆ ಹೆಸರು ಬಂದುದು ಒಹಾಯೊದ ಕೊಲಂಬಸ್ ನಗರದಲ್ಲಿ. ಬೈಬಲಿನ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಐವತ್ತನೆಯ ವರ್ಷವನ್ನು ಜೂಬಿಲಿ ಸಂವತ್ಸರವೆಂದು ಪ್ರತಿಷ್ಠಿಸಿ, ಆ ವರ್ಷ ದೇಶದಲ್ಲಿ ಬಿಡುಗಡೆಯನ್ನು ಸಾರಬೇಕೆಂಬ ವಿಧಿಯಿದೆ. ದಾಸ್ಯಕ್ಕೆ ಒಳಗಾದವರು ಅಂದು ಸ್ವಂತ ಕುಲಕ್ಕೆ ಮರಳುತ್ತಾರೆ. ಗುಲಾಮಗಿರಿಯಿಂದ ಬಿಡುಗಡೆಯಾದ ಜನರು ತಮ್ಮ ಬಿಡುಗಡೆಯನ್ನು ಈ ಹೆಸರಿನಿಂದಲೇ ಗುರುತಿಸುತ್ತಿದ್ದರು. ಪ್ರಾರ್ಥನೆಯಲ್ಲಿ ರಾತ್ರಿ ಕಳೆದ ವೈಟ್ ಮರುದಿನ ಬೆಳಿಗ್ಗೆ ತಂಡಕ್ಕೆ ‘ಜೂಬಿಲಿ ಗಾಯಕರು’ ಎಂಬ ಹೆಸರನ್ನು ಸೂಚಿಸಿದರೆಂದೂ ಎಲ್ಲರೂ ಅದನ್ನು ಸಂತೋಷದಿಂದ ಒಪ್ಪಿದರೆಂದೂ ತಂಡದ ದಾಖಲೆಗಳು ಹೇಳುತ್ತವೆ.

ನವೆಂಬರಿನಲ್ಲಿ ಓಬರ್ಲಿನ್ ಎಂಬ ಕಾಲೇಜು ಪಟ್ಟಣದಲ್ಲಿ ಸೇರಿದ್ದ ಚರ್ಚುಗಳ ರಾಷ್ಟ್ರೀಯ ಸಮ್ಮೇಳನದಲ್ಲಿ ‘ಸ್ಟೀಲ್ ಅವೇ’ ಎಂಬ ಹಾಡನ್ನು ಮೆಲುದನಿಯಲ್ಲಿ ಎತ್ತಿಕೊಂಡಾಗ ಪರಿಸ್ಥಿತಿ ತಿರುಗಿತು. ಅಂದಿನಿಂದ ಸ್ಪಿರಿಚುವಲ್‌ಗಳು ಕಾರ್ಯಕ್ರಮದ ಮುಖ್ಯ ಭಾಗವಾಗತೊಡಗಿದವು. ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪ್ರಸಿದ್ಧ ಬೋಧಕ ಹೆನ್ರಿ ವಾರ್ಡ್ ಬೀಚರ್ ತಮ್ಮ ಪ್ಲಿಮತ್ ಚರ್ಚಿನಲ್ಲಿ ಅವರಿಗೆ ವೇದಿಕೆ ಕೊಟ್ಟರು. 1872ರಲ್ಲಿ ಅಧ್ಯಕ್ಷ ಗ್ರಾಂಟ್ ಅವರ ಮುಂದೆ ಶ್ವೇತಭವನದಲ್ಲಿ ಹಾಡುವ ಅವಕಾಶ ದೊರೆಯಿತು. ಅದೇ ವರ್ಷದ ಬೇಸಿಗೆಯಲ್ಲಿ ಬ್ಯಾಂಡ್ ನಾಯಕ ಪ್ಯಾಟ್ರಿಕ್ ಗಿಲ್ಮೋರ್ ಬಾಸ್ಟನ್ನಿನಲ್ಲಿ ಏರ್ಪಡಿಸಿದ್ದ ವಿಶ್ವಶಾಂತಿ ಸಂಗೀತೋತ್ಸವದಲ್ಲಿ, ಸಾವಿರಾರು ಗಾಯಕರ ಮಹಾವೃಂದ ಮತ್ತು ಭಾರಿ ವಾದ್ಯಮೇಳಗಳ ನಡುವೆ, ಎತ್ತರದ ಶ್ರುತಿಯಲ್ಲಿ ಹಾಡಬೇಕಾಗಿ ಬಂದ ಗೀತೆಯೊಂದನ್ನು ಫಿಸ್ಕ್‌ನ ಗಾಯಕರು ಸ್ಪಷ್ಟವಾಗಿ ಎತ್ತಿ ಹಿಡಿದು ಕೇಳುಗರು ಎದ್ದು ನಿಲ್ಲುವಂತೆ ಮಾಡಿದರು. ಮೊದಲ ಪ್ರವಾಸದಿಂದ ಬಂದ 20,000 ಡಾಲರುಗಳಿಂದ ಸಾಲ ತೀರಿ, ಅಂತರ್ಯುದ್ಧದ ಕಾಲದ ಗಿಲ್ಲೆಂ ಕೋಟೆಯಿದ್ದ ದಿಬ್ಬದ ನೆಲ ಸಂಸ್ಥೆಯ ಕೈಸೇರಿತು. ವಿಶ್ವವಿದ್ಯಾಲಯ ಇಂದಿಗೂ ಅಲ್ಲಿಯೇ ಇದೆ.

1873ರ ವಸಂತದಲ್ಲಿ ತಂಡ ಬ್ರಿಟನ್ನಿಗೆ ಹೊರಟಿತು. ಅದಕ್ಕೆ ಮುಂಚೆ ಲೇಖಕ ಮಾರ್ಕ್ ಟ್ವೈನ್ ತಮ್ಮ ಲಂಡನ್ ಮಿತ್ರರಿಗೆ ಶಿಫಾರಸು ಪತ್ರ ಬರೆದು, ದಕ್ಷಿಣದಲ್ಲಿ ಬೆಳೆದ ತಾನು ಬಾಲ್ಯದಲ್ಲಿ ಕೇಳಿದ ಹಾಡಿಕೆಯನ್ನೇ ಇವರಲ್ಲಿ ಕೇಳಿದೆನೆಂದು ಸಾಕ್ಷಿ ನುಡಿದರು. ಗುಲಾಮಗಿರಿ ವಿರೋಧಿ ಚಳವಳಿಯ ಹಿರಿಯರಾಗಿದ್ದ ಶಾಫ್ಟ್‌ಸ್‌ಬರಿ ಪ್ರಭುಗಳು ಮೇ 6ರಂದು ಲಂಡನ್ನಿನ ವಿಲ್ಲಿಸ್ ರೂಮ್ಸ್ ಸಭಾಂಗಣದಲ್ಲಿ ಅವರ ಮೊದಲ ಕಛೇರಿಯನ್ನು ಏರ್ಪಡಿಸಿದರು. ಮರುದಿನ ಆರ್ಗೈಲ್ ಡ್ಯೂಕರ ನಿವಾಸದಲ್ಲಿ ವಿಕ್ಟೋರಿಯಾ ರಾಣಿಯ ಎದುರು ಹಾಡು ನಡೆಯಿತು. ಪ್ರಧಾನಿ ಗ್ಲ್ಯಾಡ್‌ಸ್ಟನ್ ತಮ್ಮ ಮನೆಗೆ ಆಹ್ವಾನಿಸಿ ಊಟಕ್ಕೆ ಕೂರಿಸಿದರು. ತಮ್ಮ ದೇಶದ ಹೋಟೆಲುಗಳಲ್ಲಿ ಜಾಗ ಸಿಗದವರಿಗೆ ಪ್ರಧಾನಿಯ ಮೇಜಿನಲ್ಲಿ ಜಾಗ ಸಿಕ್ಕಿದ ಸಂಗತಿ ಅಮೆರಿಕದ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಮುಂದೆ ಮೂಡಿ ಮತ್ತು ಸ್ಯಾಂಕಿ ಎಂಬ ಬೋಧಕ-ಗಾಯಕ ಜೋಡಿಯ ಉಜ್ಜೀವನ ಕೂಟಗಳಲ್ಲಿಯೂ ಅವರು ಹಾಡಿದರು. ಲಂಡನ್ನಿನಲ್ಲಿ ಎಡ್ಮಂಡ್ ಹ್ಯಾವೆಲ್ ಎಂಬ ಕಲಾವಿದ ಬರೆದ ತಂಡದ ಬೃಹತ್ ತೈಲಚಿತ್ರ ಇಂದು ಫಿಸ್ಕ್‌ನಲ್ಲಿದೆ.

ಈ ಪ್ರವಾಸದಿಂದ ಬಂದ ಹಣದಲ್ಲಿ ಎದ್ದ ಜೂಬಿಲಿ ಹಾಲ್ ಎಂಬ ಆರು ಅಂತಸ್ತಿನ ಕಟ್ಟಡವು, ಕಪ್ಪು ಜನರ ಉನ್ನತ ಶಿಕ್ಷಣಕ್ಕೆಂದೇ ದಕ್ಷಿಣದಲ್ಲಿ ಕಟ್ಟಿದ ಮೊದಲ ಶಾಶ್ವತ ಕಟ್ಟಡವೆಂಬ ಮನ್ನಣೆ ಪಡೆದಿದೆ. ಅದರ ಪ್ರತಿಷ್ಠೆ ನಡೆದದ್ದು 1876ರ ಜನವರಿ 1ರಂದು, ಅಂದರೆ ಲಿಂಕನ್ನರ ವಿಮೋಚನಾ ಘೋಷಣೆ ಜಾರಿಗೆ ಬಂದ ದಿನದ ಹದಿಮೂರನೆಯ ವಾರ್ಷಿಕದಂದು. 1878ರ ಹೊತ್ತಿಗೆ ತಂಡಗಳು ಒಟ್ಟು ಸುಮಾರು 1,50,000 ಡಾಲರುಗಳನ್ನು ಸಂಸ್ಥೆಗೆ ದುಡಿದುಕೊಟ್ಟಿದ್ದವು.

ಆದರೆ ಈ ಮೊತ್ತವನ್ನು ಬರೆದು ಮುಂದಕ್ಕೆ ಹೋಗುವುದು ಅನ್ಯಾಯವಾಗುತ್ತದೆ. ವಾರಕ್ಕೆ ಹಲವು ಕಛೇರಿಗಳು, ಚಳಿಗಾಲದ ರೈಲುಪ್ರಯಾಣ, ಪದೇ ಪದೇ ಬದಲಾಗುವ ವಸತಿ, ಹಾಡದಿದ್ದರೆ ಸಂಸ್ಥೆ ಉಳಿಯದೆಂಬ ಒತ್ತಡ, ಇವು ಹದಿನಾಲ್ಕರಿಂದ ಇಪ್ಪತ್ತರ ಆಸುಪಾಸಿನ ಯುವಜನರ ಆರೋಗ್ಯವನ್ನು ಹಿಂಡಿದವು. ಬೆಂಜಮಿನ್ ಹೋಮ್ಸ್ ಕ್ಷಯರೋಗದಿಂದ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ವೈಟ್ ಅವರ ಪತ್ನಿ ಲಾರಾ ಸ್ಕಾಟ್ಲೆಂಡಿನಲ್ಲಿ ವಿಷಮಶೀತಜ್ವರದಿಂದ ಮೃತರಾದರು; ವೈಟ್ ಸ್ವತಃ ಶ್ವಾಸಕೋಶದ ರಕ್ತಸ್ರಾವದಿಂದ ಜರ್ಜರಿತರಾದರು. ಎರಡನೆಯ ಸುದೀರ್ಘ ಯುರೋಪ್ ಪ್ರವಾಸವು ಹಾಲೆಂಡನ್ನು ದಾಟಿ ಜರ್ಮನಿಯನ್ನು ತಲುಪಿ, ಬರ್ಲಿನ್ನಿನ ವಿಮರ್ಶಕರ ಮೆಚ್ಚುಗೆಯನ್ನು ಗಳಿಸಿತಾದರೂ, ದಣಿದುಹೋದ ತಂಡ 1878ರಲ್ಲಿ ಹ್ಯಾಂಬರ್ಗ್‌ನಲ್ಲಿ ವಿಸರ್ಜನೆಯಾಯಿತು. ಐಸಾಕ್ ಡಿಕರ್‌ಸನ್ ಮತ್ತು ಥಾಮಸ್ ರಟ್ಲಿಂಗ್ ಬ್ರಿಟನ್ನಿನಲ್ಲಿಯೇ ನೆಲೆಸಿದರು. ಫಿಸ್ಕ್‌ನ ಮೊದಲ ಪದವೀಧರರು 1875ರಲ್ಲಿ ಹೊರಬಂದಾಗ, ಆ ಸಂಸ್ಥೆಯನ್ನು ಉಳಿಸಿಕೊಟ್ಟ ಮೊದಲ ತಂಡದ ಗಾಯಕರ ಪಾಲಿಗೆ ತರಗತಿಯ ಓದು ಎಂದೋ ತುಂಡಾಗಿತ್ತು. ಪದವಿಯ ಆಸೆಯಿಂದ ಸೇರಿದ ಅವರಲ್ಲಿ ಹೆಚ್ಚಿನವರಿಗೆ ಅದು ಕೈಗೂಡಲೇ ಇಲ್ಲ. ಸಂಸ್ಥೆಗಳು ತಮ್ಮ ವಿದ್ಯಾರ್ಥಿಗಳ ಪ್ರತಿಭೆಯನ್ನು ನಿಧಿಸಂಗ್ರಹಕ್ಕೆ ಬಳಸುವಾಗ ನೆನಪಿಡಬೇಕಾದ ಸತ್ಯವಿದು.

ವಿಸರ್ಜನೆಯ ನಂತರ ಹಾಡುಗಳ ದಾರಿ ಎರಡಾಯಿತು. ಒಹಾಯೊದಲ್ಲಿ ಸ್ವತಂತ್ರನಾಗಿಯೇ ಹುಟ್ಟಿ 1875ರಲ್ಲಿ ತಂಡ ಸೇರಿದ್ದ ಬಾಸ್ ಗಾಯಕ ಫ್ರೆಡರಿಕ್ ಲೌಡಿನ್, ವಿಶ್ವವಿದ್ಯಾಲಯದ ಆಡಳಿತದಿಂದ ಹೊರಗೆ, ತಮ್ಮದೇ ವೃತ್ತಿಪರ ತಂಡವನ್ನು ಕಟ್ಟಿ 1884ರಿಂದ 1890ರವರೆಗೆ ಜಗತ್ತನ್ನು ಸುತ್ತಿದರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ವರ್ಷಗಟ್ಟಲೆ ಹಾಡಿದ ಈ ತಂಡ ಜಪಾನಿಗೆ ಹೋಗುವ ಮುನ್ನ ಭಾರತಕ್ಕೂ ಬಂದು, ಆಗ್ರಾದ ತಾಜ್‌ಮಹಲಿನ ಗುಮ್ಮಟದ ಕೆಳಗೆ ಸ್ಪಿರಿಚುವಲ್‌ಗಳನ್ನು ಹಾಡಿತು. ಇನ್ನೊಂದು ದಾರಿ ಕಾಲೇಜಿನ ಒಳಗಿನದು. ಗ್ರೀಕ್ ಪ್ರಾಧ್ಯಾಪಕ ಆಡಂ ಸ್ಪೆನ್ಸ್ ದೈನಿಕ ಪ್ರಾರ್ಥನೆಗಳಲ್ಲಿ ಈ ಹಾಡುಗಳು ನಿಂತುಹೋಗದಂತೆ ನೋಡಿಕೊಂಡರು. 1880ರಲ್ಲಿ ಆರಂಭವಾದ ಮೊಜಾರ್ಟ್ ಸೊಸೈಟಿ ಎಂಬ ವಿದ್ಯಾರ್ಥಿವೃಂದದಲ್ಲಿ ಯುರೋಪಿನ ದೊಡ್ಡ ವೃಂದಕೃತಿಗಳ ಅಭ್ಯಾಸ ನಡೆಯಿತು. ಒಂದೇ ಆವರಣದಲ್ಲಿ ಎರಡೂ ಪರಂಪರೆಗಳು ಜೊತೆಯಾಗಿ ನಡೆದದ್ದು ಫಿಸ್ಕ್‌ನ ಸಂಗೀತಶಿಕ್ಷಣದ ವಿಶೇಷ.

ಇದೇ ವಾತಾವರಣದಲ್ಲಿ 1885ರಿಂದ 1888ರವರೆಗೆ ಓದಿದ ಡಬ್ಲ್ಯು. ಇ. ಬಿ. ಡು ಬೊಯಿಸ್, ಮುಂದೆ ಅಮೆರಿಕದ ಶ್ರೇಷ್ಠ ಸಮಾಜಶಾಸ್ತ್ರಜ್ಞರಲ್ಲಿ ಒಬ್ಬರಾಗಿ, 1903ರಲ್ಲಿ ಪ್ರಕಟಿಸಿದ ‘ದ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಗ್ರಂಥದ ಅಧ್ಯಾಯಗಳ ನೆತ್ತಿಯಲ್ಲಿ ಈ ಹಾಡುಗಳ ಸ್ವರಲಿಪಿಯ ತುಣುಕುಗಳನ್ನು ಮುದ್ರಿಸಿ, ಕೊನೆಯ ಅಧ್ಯಾಯವನ್ನು ಪೂರ್ಣವಾಗಿ ಅವುಗಳಿಗೇ ಮೀಸಲಿಟ್ಟರು. ಜೂಬಿಲಿ ಹಾಲ್ ಹಾಡುಗಳಿಂದಲೇ ಕಟ್ಟಿದಂತೆ ತನಗೆ ಕಾಣುತ್ತಿತ್ತೆಂದು ಅವರು ಅಲ್ಲಿ ಬರೆದಿದ್ದಾರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಸ್ಕ್‌ನ ಪದವೀಧರರೂ ಅಧ್ಯಾಪಕರೂ ಆದ ಕಿರಿಯ ಜಾನ್ ವೆಸ್ಲಿ ವರ್ಕ್, ಸಹೋದರ ಫ್ರೆಡರಿಕ್ ವರ್ಕ್ ಅವರೊಂದಿಗೆ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ದೊಡ್ಡ ವೃಂದವನ್ನು ಕರೆದೊಯ್ಯುವ ವೆಚ್ಚ ಹೆಚ್ಚಾದಾಗ ನಾಲ್ವರು ಗಂಡಸರ ಚೌಕಡಿಯನ್ನು ಅವರು ರೂಪಿಸಿದರು. ಈ ಚೌಕಡಿ 1909ರ ಡಿಸೆಂಬರಿನಲ್ಲಿ ವಿಕ್ಟರ್ ಕಂಪನಿಗಾಗಿ ಹಾಡಿದ ‘ಸ್ವಿಂಗ್ ಲೋ, ಸ್ವೀಟ್ ಚಾರಿಯಟ್’ ಧ್ವನಿಮುದ್ರಿಕೆಯು ಸ್ಪಿರಿಚುವಲ್‌ಗಳನ್ನು ಮನೆಮನೆಯ ಗ್ರಾಮಫೋನಿಗೆ ತಲುಪಿಸಿತು. 1911ರಲ್ಲಿ ಇದೇ ಪರಂಪರೆಯ ತಂಡದೊಂದಿಗೆ ಬಾಸ್ಟನ್ನಿಗೆ ಹೋದ ಟೆನರ್ ಗಾಯಕ ರೋಲಂಡ್ ಹೇಯ್ಸ್, ಫಿಸ್ಕ್‌ನಲ್ಲಿ ಸಂಗೀತ ಕಲಿತವರಲ್ಲಿ ಯುರೋಪಿನ ಶಾಸ್ತ್ರೀಯ ವೇದಿಕೆಗಳಲ್ಲಿ ಅತಿ ಹೆಚ್ಚು ಮನ್ನಣೆ ಗಳಿಸಿದರು.

ವಾದ್ಯಮೇಳದ ಕಡೆಗೂ ಈ ಪರಂಪರೆಯ ಕೊಂಬೆಯೊಂದು ಚಾಚಿತು. ಸಾಕ್ಸಫೋನ್ ಮತ್ತು ತುತ್ತೂರಿ ವರ್ಗದ ಹಿತ್ತಾಳೆ ವಾದ್ಯಗಳನ್ನು ಮುಂದಿಟ್ಟುಕೊಂಡ ದೊಡ್ಡ ಜಾಜ್ ಬ್ಯಾಂಡುಗಳ ಯುಗದಲ್ಲಿ, 1926ರಲ್ಲಿ ಫಿಸ್ಕ್‌ನಿಂದ ಪದವಿ ಪಡೆದ ಜಿಮ್ಮಿ ಲನ್ಸ್‌ಫರ್ಡ್, ಮೆಂಫಿಸ್ ನಗರದ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದು, ತಮ್ಮ ವಿದ್ಯಾರ್ಥಿಗಳನ್ನೇ ಕೂಡಿಸಿ ಬ್ಯಾಂಡ್ ಕಟ್ಟಿದರು. ಸಾಕ್ಸಫೋನ್ ವಾದಕ ವಿಲ್ಲಿ ಸ್ಮಿತ್ ಮತ್ತು ಪಿಯಾನೊ ವಾದಕ ಎಡ್ವಿನ್ ವಿಲ್ಕಾಕ್ಸ್ ಫಿಸ್ಕ್‌ನಿಂದಲೇ ಬಂದು ಅದನ್ನು ಸೇರಿದರು. 1934ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ ತಲುಪಿದ ಈ ಬ್ಯಾಂಡಿನ ಶಿಸ್ತು ಮತ್ತು ಕಲಾವಿದರ ನಡುವಿನ ಹೊಂದಾಣಿಕೆ ಸಮಕಾಲೀನರಲ್ಲಿ ಹೆಸರಾಗಿದ್ದವು. ವೃಂದವಾಗಿ ಕೂಡಿ ನಡೆಯುವುದನ್ನು ಕಲಿಸಿದ ಕಾಲೇಜಿನ ನೆನಪು ಅದರಲ್ಲಿ ಇದೆಯೆಂದರೆ ತಪ್ಪಾಗದು.

ಆದರೆ ಹಾಡು ಮತ್ತು ಹಣದ ನಂಟು ಯಾವಾಗಲೂ ಸಮ್ಮತವಾಗಿರಲಿಲ್ಲ. 1924ರಲ್ಲಿ ಡು ಬೊಯಿಸ್ ತಾವು ಓದಿದ ಸಂಸ್ಥೆಯಲ್ಲಿಯೇ ನಿಂತು, ಬಿಳಿಯ ದಾನಿಗಳನ್ನು ಮೆಚ್ಚಿಸುವ ಆಡಳಿತದ ನೀತಿಯನ್ನು ಕಟುವಾಗಿ ಖಂಡಿಸಿದರು. ಬಿಳಿಯ ಗಂಡಸರ ಕೂಟವೊಂದಕ್ಕೆ ವಿದ್ಯಾರ್ಥಿನಿಯರನ್ನು ಹಾಡಲು ಕರೆದೊಯ್ದುದು ಅವರ ಆಕ್ಷೇಪಗಳಲ್ಲಿ ಒಂದಾಗಿತ್ತು. 1925ರ ಫೆಬ್ರುವರಿಯಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಏಪ್ರಿಲ್‌ನಲ್ಲಿ ಅಧ್ಯಕ್ಷ ಫೇಯೆಟ್ ಮೆಕೆಂಜಿ ರಾಜೀನಾಮೆ ಕೊಟ್ಟರು. ತಮ್ಮ ಹಾಡನ್ನು ಯಾರ ಮುಂದೆ, ಯಾವ ಮರ್ಯಾದೆಯಲ್ಲಿ ಹಾಡಬೇಕೆಂಬುದನ್ನು ತೀರ್ಮಾನಿಸುವ ಹಕ್ಕು ಹಾಡುವವರದೆಂಬ ತಿಳಿವಳಿಕೆ ಈ ಮುಷ್ಕರದ ಹಿಂದಿತ್ತು, ಮತ್ತು ಆ ತಿಳಿವಳಿಕೆ 1871ರ ವಿದ್ಯಾರ್ಥಿಗಳ ಸಂಕೋಚಕ್ಕಿಂತ ಬೇರೆಯದಲ್ಲ.

ಕಿರಿಯ ಜಾನ್ ವರ್ಕ್ ಅವರ ಮಗ ಮೂರನೆಯ ಜಾನ್ ವರ್ಕ್ ಈ ಹಾಡುಗಳನ್ನು ವಿದ್ವತ್ತಿನ ವಿಷಯವನ್ನಾಗಿ ಮಾಡಿದರು. 1940ರಲ್ಲಿ ದೊಡ್ಡ ಸಂಗ್ರಹವೊಂದನ್ನು ಹೊರತಂದ ಅವರು, 1941ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಅಲನ್ ಲೋಮ್ಯಾಕ್ಸ್ ಅವರೊಂದಿಗೆ ಮಿಸಿಸಿಪ್ಪಿಯ ಕೊಹೋಮ ಜಿಲ್ಲೆಯ ಜನಪದ ಸಂಗೀತವನ್ನು ಧ್ವನಿಮುದ್ರಿಸುವ ಕ್ಷೇತ್ರಕಾರ್ಯದಲ್ಲಿ ಪಾಲ್ಗೊಂಡರು. ಮಡ್ಡಿ ವಾಟರ್ಸ್ ಎಂಬ ಬ್ಲೂಸ್ ಗಾಯಕನ ಮೊದಲ ಧ್ವನಿಮುದ್ರಣ ನಡೆದದ್ದು ಆ ಸಂದರ್ಭದಲ್ಲಿಯೇ. ಈ ಪರಂಪರೆ ಫಿಸ್ಕ್‌ಗೆ ಮಾತ್ರ ಸೀಮಿತವಾಗಿರಲಿಲ್ಲ: ಅದರ ಮಾದರಿಯನ್ನು ಅನುಸರಿಸಿ ವರ್ಜೀನಿಯಾದ ಹ್ಯಾಂಪ್ಟನ್ ಸಂಸ್ಥೆಯು 1873ರಲ್ಲಿಯೇ ತನ್ನ ತಂಡವನ್ನು ಕಟ್ಟಿ, ಕಟ್ಟಡ ನಿಧಿಗಾಗಿ ಪ್ರವಾಸ ಕಳುಹಿಸಿತ್ತು. ಕಪ್ಪು ಜನರ ಕಾಲೇಜುಗಳಲ್ಲಿ ಗಾಯನವೃಂದಕ್ಕೆ ಇಂದಿಗೂ ಇರುವ ಕೇಂದ್ರಸ್ಥಾನ ಈ ಎರಡು ಸಂಸ್ಥೆಗಳಿಂದ ಆರಂಭವಾದುದು.

ಜೂಬಿಲಿ ಗಾಯಕರು ಈಗಲೂ ಫಿಸ್ಕ್‌ನ ವಿದ್ಯಾರ್ಥಿಗಳೇ. ಸಾಮಾನ್ಯವಾಗಿ ವಾದ್ಯಗಳ ಆಸರೆಯಿಲ್ಲದೆ ಕೇವಲ ಕಂಠಗಳಿಂದ ಹಾಡುತ್ತಾರೆ. ಘಾನಾ ದೇಶದಲ್ಲಿ ಹುಟ್ಟಿ, ಫಿಸ್ಕ್‌ನಲ್ಲಿ ಓದಿ, 1994ರಿಂದ 2022ರಲ್ಲಿ ತಮ್ಮ ನಿಧನದವರೆಗೆ ತಂಡವನ್ನು ನಡೆಸಿದ ಪಾಲ್ ಕ್ವಾಮಿ ಅವರ ಕಾಲದಲ್ಲಿ 2008ರ ರಾಷ್ಟ್ರೀಯ ಕಲಾಪದಕವೂ, ನೂರೈವತ್ತನೆಯ ವರ್ಷದ ಧ್ವನಿಮುದ್ರಿಕೆಗೆ 2021ರ ಗ್ರ್ಯಾಮಿ ಪ್ರಶಸ್ತಿಯೂ ದೊರೆತವು. ಪ್ರತಿ ವರ್ಷ ಅಕ್ಟೋಬರ್ 6ನ್ನು ವಿಶ್ವವಿದ್ಯಾಲಯವು ಜೂಬಿಲಿ ದಿನವಾಗಿ ಆಚರಿಸುತ್ತದೆ.

1909ರ ಧ್ವನಿಮುದ್ರಿಕೆಯನ್ನು 2002ರಲ್ಲಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಲಾಗಿದ್ದು, ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಿಂದ ಅದನ್ನು ಯಾರು ಬೇಕಾದರೂ ಕೇಳಬಹುದಾಗಿದೆ. ಮೋಹನ ರಾಗದ ಪರಿಚಯವುಳ್ಳ ಕನ್ನಡದ ಓದುಗರೂ, ನಮ್ಮ ಕಾಲೇಜುಗಳಲ್ಲಿ ಗಾಯನವೃಂದಗಳನ್ನು ನಡೆಸುತ್ತಿರುವ ಅಧ್ಯಾಪಕರೂ ಅದನ್ನು ಒಮ್ಮೆಯಾದರೂ ಗಮನವಿಟ್ಟು ಕೇಳಬೇಕು.